ಹೊಳಲ್ಕೆರೆಯಿಂದ ಹರಿಯಬ್ಬೆಗೆ ಒಂದು ಬೋಗುಣಿ ರಸಾಯನ

ಬಾಳೆಹಣ್ಣಿನ ರಸಾಯನ ಮಾಡುವುದಕ್ಕೆ ವಿದ್ಯೆ ಬೇಕಿಲ್ಲ. ಸಿಪ್ಪೆ ಸುಲಿಯಲು ಬಂದರೆ ಅರ್ಧ ಕೆಲಸ ಮುಗಿಯಿತು, ಉಳಿದರ್ಧ ತಿನ್ನುವುದು. ಎಪ್ಪತ್ತರ ದಶಕದ ಒಂದು ಬೇಸಿಗೆಯವರೆಗೂ ನಾನು ಹೀಗೇ ತಿಳಿದುಕೊಂಡಿದ್ದೆ. ತಿಳಿದುಕೊಂಡು ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾಲ್ಕು ಜನರ ಮುಂದೆ ಹೇಳಿಯೂ ಬಿಟ್ಟಿದ್ದೆ. ಮೇಷ್ಟ್ರ ಕೆಲಸದಲ್ಲಿರುವವರಿಗೆ ಇದೊಂದು ಕಾಯಿಲೆ. ತಿಳಿದದ್ದನ್ನು ಒಂದು ಸಲ ಹೇಳುತ್ತೇವೆ, ತಿಳಿಯದ್ದನ್ನು ಎರಡು ಸಲ ಹೇಳುತ್ತೇವೆ.

ಆಗ ನಾನು ಹೊಳಲ್ಕೆರೆಯ ಒಂದು ಮಾಧ್ಯಮಿಕ ಶಾಲೆಯಲ್ಲಿ ಸಮಾಜ ಪರಿಚಯ ಕಲಿಸುತ್ತಿದ್ದೆ. ಮದುವೆಯಾಗಿ ಹತ್ತು ತಿಂಗಳಾಗಿತ್ತು. ನನ್ನದು ಹೊಸದುರ್ಗದ ಕಡೆಯ ಹಳ್ಳಿ. ನಮ್ಮ ತಾತನ ಕಾಲಕ್ಕೇ ಕುರಿ ಬಿಟ್ಟು ತೆಂಗು ಹಿಡಿದ ಮನೆತನ. ಹೆಂಡತಿ ಜಯಮ್ಮ ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯವಳು. ಅವಳ ಅಪ್ಪ ಇನ್ನೂ ಕುರಿ ಬಿಟ್ಟಿರಲಿಲ್ಲ, ಬಿಡುವ ಯೋಚನೆಯೂ ಅವರಿಗಿರಲಿಲ್ಲ. ಜಾತಕ ಕೂಡಿತ್ತು, ಮನೆದೇವರು ಕೂಡಿತ್ತು, ಎರಡೂ ಕಡೆಯ ಹಿರಿಯರು ಎಲೆ ಅಡಿಕೆ ಹಾಕಿಕೊಂಡು ಎಲ್ಲವನ್ನೂ ಕೇಳಿ ತಿಳಿದುಕೊಂಡಿದ್ದರು. ನಿಮ್ಮಲ್ಲಿ ರಸಾಯನ ಹೇಗೆ ಮಾಡುತ್ತೀರಿ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ನಮ್ಮ ಮನೆಯ ರಸಾಯನವೆಂದರೆ ಹೀಗೆ. ಪುಟ್ಟಬಾಳೆಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಬೇಕು. ಅದಕ್ಕೆ ಹಸಿ ತೆಂಗಿನಕಾಯಿ ತುರಿ, ಬೆಲ್ಲದ ಪುಡಿ, ಏಲಕ್ಕಿ. ಅಷ್ಟೇ. ಹಾಲಿನ ಮಾತೇ ಇಲ್ಲ. ರಾಮನವಮಿಯ ದಿನ ಅವ್ವ ಕಾಯಿ ತುರಿಯುವ ಕರಕರ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಕಿರಿಯವನಾದ್ದರಿಂದ ಪಾತ್ರೆ ಬಳಿಯುವ ಹಕ್ಕು ನನ್ನದು. ಬೆಲ್ಲ ಕರಗಿ ಕಾಯಿತುರಿಯ ಜೊತೆ ತಳದಲ್ಲಿ ಉಳಿಯುತ್ತಿದ್ದ ಆ ರಸವನ್ನು ಬೆರಳಲ್ಲಿ ಬಳಿದು ತಿಂದವನಿಗೆ ಬೇರೆ ರಸಾಯನ ರುಚಿಸುವುದುಂಟೇ? ರಸಾಯನಕ್ಕೆ ಹಾಲು ಸೋಕಿಸದಿರುವುದು ನಮ್ಮ ವಂಶದ ಸಂಪ್ರದಾಯ ಎಂದು ನಾನು ಕಂಡಕಂಡವರಿಗೆ ಹೇಳುತ್ತಿದ್ದೆ.

ಜಯಮ್ಮನ ಮನೆಯಲ್ಲಿ ಎಲ್ಲವೂ ತಿರುಗಾ ಮುರುಗಾ. ಹಣ್ಣಿಗೆ ಚಾಕು ತಾಗಿಸುವಂತಿಲ್ಲ, ಕೈಯಲ್ಲೇ ಕಿವುಚಬೇಕು. ಅದಕ್ಕೆ ಬೆಚ್ಚನೆಯ ಹಾಲು, ಅದೂ ಸಿಕ್ಕರೆ ಕುರಿಹಾಲು. "ನಾನು ಸಣ್ಣೋಳಿದ್ದಾಗ ಮಂದೆ ಜತೆ ಊರೂರು ಹೋಗ್ತಿದ್ವಿ" ಎಂದು ಅವಳು ಮದುವೆಯಾದ ಹೊಸತರಲ್ಲಿ ಹೇಳಿದ್ದಳು. "ನಡೆದೂ ನಡೆದೂ ಕಾಲು ನೋವಾಗಿ ಅಳ್ತಾ ಕುಂತ್ರೆ, ತಾತ ಹುಣಸೆಮರದ ಕೆಳಗೆ ಗಂಗಾಳದಾಗೆ ಹಣ್ಣು ಕಿವುಚಿ, ಆಗಷ್ಟೇ ಕಾಯಿಸಿದ ಹಾಲು ಹುಯ್ದು ಕೊಡೋನು. ಅದು ಕುಡಿದ್ರೆ ಇನ್ನೊಂದು ಊರಿಗೆ ನಡೀಬೋದಿತ್ತು." ಆಗ ನಾನು ಹೂಂ ಹೂಂ ಎಂದು ಕೇಳಿದ್ದೆ. ಹೊಸ ಗಂಡ ಎಲ್ಲವನ್ನೂ ಹೂಂ ಹೂಂ ಎಂದೇ ಕೇಳುತ್ತಾನೆ. ಕೇಳಿಸಿಕೊಳ್ಳುತ್ತಾನೆಂದು ಅರ್ಥವಲ್ಲ.

ಅನಾಹುತ ಆದದ್ದು ಒಂದು ಭಾನುವಾರ. ನಮ್ಮ ಹೆಡ್‌ಮೇಷ್ಟ್ರನ್ನೂ ಡ್ರಿಲ್ ಮೇಷ್ಟ್ರನ್ನೂ ಊಟಕ್ಕೆ ಕರೆದಿದ್ದೆ. ಜಯಮ್ಮ ಬೆಳಿಗ್ಗೆಯಿಂದ ಒಬ್ಬಳೇ ಶಾವಿಗೆ ಒತ್ತಿ, ಅದರ ಜೊತೆಗೆ ತನ್ನ ತವರಿನ ರಸಾಯನ ಮಾಡಿ ಬಡಿಸಿದಳು. ಕುರಿಹಾಲು ಸಿಗದೆ ಎಮ್ಮೆ ಹಾಲು ಹಾಕಿದ್ದಳು. ಹೆಡ್‌ಮೇಷ್ಟ್ರು ಒಂದು ತುತ್ತು ತಿಂದು ಕಣ್ಣು ಮುಚ್ಚಿದರು. "ನಮ್ಮ ತಾಯಿ ಇದಕ್ಕೆ ಹುರಿದ ಎಳ್ಳು ಕುಟ್ಟಿ ಹಾಕ್ತಿದ್ರು ಕಣಮ್ಮ" ಎಂದರು. ಡ್ರಿಲ್ ಮೇಷ್ಟ್ರು, "ನಮ್ಮಜ್ಜಿ ಗಸಗಸೆ ಹಾಕೋಳು, ತಿಂದು ಮೂರು ಗಂಟೆ ಮಲಗಿಬಿಡ್ತಿದ್ವಿ" ಎಂದರು. ಇಬ್ಬರೂ ತಮ್ಮ ತಮ್ಮ ಮನೆಯ ಅಡುಗೆ ಕೋಣೆಗೆ ಹೋಗಿ ಬಂದಂತಿದ್ದರು.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ನನ್ನ ವಂಶದ ಬಗ್ಗೆ ಯಾರೂ ಕೇಳಲಿಲ್ಲವಲ್ಲ! ನಾನು ಗಂಟಲು ಸರಿಮಾಡಿಕೊಂಡು, "ನಮ್ಮ ಕಡೆ ರಸಾಯನಕ್ಕೆ ಹಾಲು ಹಾಕೋದಿಲ್ಲ ಸಾರ್. ಇಂಥದ್ದನ್ನ ಈದ ಎಮ್ಮೆಗೆ ಇಡ್ತಾರೆ" ಎಂದೆ.

ಡ್ರಿಲ್ ಮೇಷ್ಟ್ರು ನಕ್ಕರು. ಹೆಡ್‌ಮೇಷ್ಟ್ರು ನಗಲಿಲ್ಲ. ಅಡುಗೆ ಕೋಣೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಜಯಮ್ಮ ಒಳಗೆ ಹೋದಳು. ಅತಿಥಿಗಳು ಹೋದ ಮೇಲೆ ಪಾತ್ರೆ ತೊಳೆದು ಬೋರಲು ಹಾಕಿದಳು. ಮರುದಿನ ಬೆಳಿಗ್ಗೆ ಬಟ್ಟೆಯ ಚೀಲ ಹಿಡಿದು, "ಊರಿಗೆ ಹೋಗ್ತೀನಿ, ಹಿಟ್ಟು ಡಬ್ಬದಾಗೈತೆ" ಎಂದು ಹೇಳಿ ಬಸ್ಸು ಹತ್ತಿದಳು.

ಎರಡು ದಿನಕ್ಕೆ ಬರುತ್ತಾಳೆ ಎಂದುಕೊಂಡೆ. ವಾರವಾಯಿತು. ಎರಡು ವಾರವಾಯಿತು. ಮೊದಲ ವಾರ ನಾನು ಸ್ವತಂತ್ರನಾಗಿದ್ದೆ, ಎರಡನೆಯ ವಾರ ಬರೀ ಹಸಿದಿದ್ದೆ. ಉಪ್ಪಿಟ್ಟು ಮಾಡಲು ಹೋಗಿ ಬಾಣಲೆಯನ್ನೇ ಕಳೆದುಕೊಂಡೆ. ಆದರೆ ಹಸಿವೆಗಿಂತ ದೊಡ್ಡ ಸಂಕಟ ಬೇರೆಯೇ ಇತ್ತು. ಸಂಜೆ ಶಾಲೆಯಿಂದ ಬಂದು ಬೀಗ ತೆಗೆದರೆ ಮನೆ ಬಿಕೋ ಎನ್ನುತ್ತಿತ್ತು. ನಾನಾಡಿದ ಆ ಒಂದು ಮಾತು ಅಡುಗೆ ಕೋಣೆಯ ಬಾಗಿಲಲ್ಲೇ ನಿಂತುಕೊಂಡು ನನ್ನನ್ನು ನೋಡುತ್ತಿದೆ ಎನಿಸುತ್ತಿತ್ತು. ಅವಳು ಬರದೇ ಹೋದರೆ ಎಂಬ ಹೆದರಿಕೆ ನಿಜವಾಗಿಯೂ ಶುರುವಾಗಿತ್ತು.

ಕ್ಷಮೆ ಕೇಳಿ ಒಂದು ಕಾಗದ ಬರೆದೆ. ಉತ್ತರ ಬಂತು, ಅದೂ ತೆರೆದ ಕಾರ್ಡಿನಲ್ಲಿ. "ನಮ್ಮ ಮನೆ ರಸಾಯನವನ್ನು ಕುರಿಹಾಲಿನಲ್ಲಿ ನಿಮ್ಮ ಕೈಯಾರೆ ಮಾಡಿ ತಂದು, ನಮ್ಮಪ್ಪನ ಮುಂದೆ ಒಂದು ಲೋಟ ತಿನ್ನಿ. ಆಮೇಲೆ ಬರುವ ಮಾತು. ಹಾಲು ಬೆಚ್ಚಗಿರಬೇಕು." ಕಾರ್ಡು ಕೊಟ್ಟ ಪೋಸ್ಟ್‌ಮ್ಯಾನ್, "ಓದಬಾರದು ಅಂತಿದ್ದೆ ಮೇಷ್ಟ್ರೇ, ಕಣ್ಣು ಬಿದ್ದೋಯ್ತು. ಏಲಕ್ಕಿ ಮರೀಬ್ಯಾಡ್ರಿ" ಎಂದ. ಸಂಜೆಯ ಹೊತ್ತಿಗೆ ಬೀದಿಯಲ್ಲಿ ಮೂವರು ನನ್ನನ್ನು ನಿಲ್ಲಿಸಿ, ಹಣ್ಣು ಎಷ್ಟು ಮಾಗಿರಬೇಕೆಂದು ಹೇಳಿದರು.

ನನಗೆ ಮಾತ್ರ ಖುಷಿಯೇ ಆಯಿತು. ಇಷ್ಟೇ ತಾನೆ! ಕುರಿಯ ವಿಷಯದಲ್ಲಿ ನನ್ನನ್ನು ಪರೀಕ್ಷೆ ಮಾಡುವುದೇ? ಆರು ವರ್ಷದಿಂದ ಆರನೆಯ ಕ್ಲಾಸಿಗೆ ‘ಕುರಿ ಸಾಕಣೆ’ ಪಾಠ ಮಾಡುತ್ತಿದ್ದವನು ನಾನು. ಕುರಿಯಿಂದ ದೊರೆಯುವ ನಾಲ್ಕು ಉಪಯೋಗಗಳನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಕುರಿಯನ್ನು ಮುಟ್ಟಿ ನೋಡಿರಲಿಲ್ಲ ಎನ್ನುವುದು ನಿಜ. ಅದು ಪಠ್ಯದಲ್ಲಿರಲಿಲ್ಲ.

ಅದೃಷ್ಟಕ್ಕೆ ಊರಾಚೆಯ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಿದ್ದರು. ಮಂದೆಯ ಯಜಮಾನ ಈರಣ್ಣ, ನನ್ನ ಮಾವನ ವಯಸ್ಸಿನವನು. ಭಾನುವಾರ ಬೆಳಕು ಹರಿಯುವಾಗಲೇ ಬೋಗುಣಿ ಹಿಡಿದು ಅವನ ಮುಂದೆ ನಿಂತೆ.

"ಒಂದು ಸೇರು ಹಾಲು ಬೇಕಿತ್ತು ಈರಣ್ಣ."

ಅವನು ಕಂಬಳಿ ಸರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸೇರಾ? ಕುರಿ ಅಂದ್ರೆ ಎಮ್ಮೆ ಅಂದ್ಕಂಡ್ರಾ ಮೇಷ್ಟ್ರೇ? ಒಂದು ಕುರಿ ಒಂದು ಬೊಗಸೆ ಕೊಟ್ರೆ ಹೆಚ್ಚು. ಅದೂ ಮರಿ ಕುಡಿದು ಮಿಕ್ಕಿದ್ರೆ."

ನಾನು ನನ್ನ ಸಂಸಾರದ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಈರಣ್ಣ ಮೀಸೆಯೊಳಗೇ ನಕ್ಕ. "ಹೆಣ್ಮಗಳ ಕಡೆ ನ್ಯಾಯ ಐತೆ" ಎಂದು ತೀರ್ಪು ಕೊಟ್ಟು, "ಬರ್ರಿ, ಕುರಿ ಹಿಡ್ಕಳ್ರಿ, ನಾನು ಕರೀತೀನಿ" ಎಂದ.

ಕುರಿ ಸಾಧು ಪ್ರಾಣಿ ಎಂದು ನಾನು ಪಾಠ ಮಾಡುತ್ತಿದ್ದೆ. ಆ ವಾಕ್ಯವನ್ನು ಬರೆದವರು ಯಾರೋ ಅವರನ್ನು ಆ ಹೊಲಕ್ಕೆ ಕರೆತರಬೇಕಿತ್ತು. ನಾನು ಕುರಿಯ ಕುತ್ತಿಗೆ ಹಿಡಿದೆ ಎಂದುಕೊಂಡೆ, ಕುರಿ ನನ್ನನ್ನು ಹಿಡಿದಿತ್ತು. ಹೊಲದ ಈ ಬದುವಿನಿಂದ ಆ ಬದುವಿನವರೆಗೆ ಮಂಡಿಯ ಮೇಲೆ ಹೋದೆ. ಇಸ್ತ್ರಿ ಮಾಡಿದ ಪಂಚೆ ಹಿಕ್ಕೆಯ ಬಣ್ಣಕ್ಕೆ ತಿರುಗಿತು. ಈರಣ್ಣ ಕೊನೆಗೆ, "ಬಿಡ್ರಿ ಬಿಡ್ರಿ, ಅದಕ್ಕೆ ಗಾಬರಿ ಆಗ್ತೈತೆ" ಎಂದು ಕುರಿಯನ್ನು ಸಮಾಧಾನ ಮಾಡಿದ. ನನ್ನನ್ನು ಯಾರೂ ಸಮಾಧಾನ ಮಾಡಲಿಲ್ಲ.

ಅವನಿಗೆ ಕನಿಕರ ಬಂದಿರಬೇಕು. ಮೂಲೆಯಲ್ಲಿ ಬೇರೆಯಾಗಿ ಕಟ್ಟಿದ್ದ ನಾಲ್ಕು ಕುರಿಗಳ ಹತ್ತಿರ ಹೋದ. ಮರಿಗಳು ಹೊಟ್ಟೆ ತುಂಬ ಕುಡಿದು ಮಲಗಿದ್ದವು. ಮಿಕ್ಕಿದ್ದನ್ನು ಕರೆದು ಬೋಗುಣಿಗೆ ಹುಯ್ದ. ಅರ್ಧ ಬೋಗುಣಿ ಹಾಲು! ಗಟ್ಟಿಯಾಗಿ, ಅರಿಶಿನದ ನೀರು ಬೆರೆಸಿದ ಹಾಗೆ ತುಸು ಹಳದಿಯಾಗಿತ್ತು.

"ಮೇಷ್ಟ್ರೇ, ಈ ಹಾಲು ಮಾತ್ರ..." ಎಂದು ಈರಣ್ಣ ಶುರು ಮಾಡಿದ.

"ಗೊತ್ತು ಬಿಡು ಈರಣ್ಣ, ಕೊಬ್ಬಿನ ಅಂಶ ಜಾಸ್ತಿ. ಆರು ವರ್ಷದಿಂದ ಪಾಠ ಮಾಡ್ತಿದೀನಿ" ಎಂದೆ.

"ಹಂಗಾದ್ರೆ ನಿಮಗೇ ಗೊತ್ತೈತೆ" ಎಂದು ಅವನು ಕಂಬಳಿ ಹೊದ್ದುಕೊಂಡ.

ಮನೆಗೆ ಬಂದು ಹನ್ನೆರಡು ಪುಟ್ಟಬಾಳೆ ಸುಲಿದು, ಹೆಂಡತಿಯ ಮನೆಯ ಕಾನೂನಿನಂತೆ ಚಾಕು ಮುಟ್ಟದೆ ಕೈಯಲ್ಲೇ ಕಿವುಚಿದೆ. ಬೆಲ್ಲ, ಏಲಕ್ಕಿ ಹಾಕಿದೆ. ಹಾಲು ಹುಯ್ದೆ. ಒಂದು ಬೆರಳು ನೆಕ್ಕಿ ನೋಡಿದೆ, ಪರವಾಗಿಲ್ಲ ಎನಿಸಿತು. ಆಮೇಲೆ ಕಾರ್ಡಿನ ಕೊನೆಯ ಸಾಲು ನೆನಪಾಯಿತು. ಹಾಲು ಬೆಚ್ಚಗಿರಬೇಕು. ಹರಿಯಬ್ಬೆ ಮುಟ್ಟುವುದರೊಳಗೆ ಆರಿಹೋಗುತ್ತದಲ್ಲ ಎಂದು ಯೋಚಿಸಿ, ಈಗಲೇ ಚೆನ್ನಾಗಿ ಬಿಸಿ ಮಾಡಿದರೆ ಅಲ್ಲಿಗೆ ಬೆಚ್ಚಗಿರುತ್ತದೆ ಎಂಬ ನಿರ್ಣಯಕ್ಕೆ ಬಂದೆ. ಬೋಗುಣಿಯನ್ನು ಸೀಮೆಎಣ್ಣೆ ಸ್ಟೌವಿನ ಮೇಲೆ ಸಣ್ಣ ಉರಿಯಲ್ಲಿಟ್ಟು, ಸೌಟನ್ನು ಅದರಲ್ಲೇ ಬಿಟ್ಟು, ಸ್ನಾನಕ್ಕೆ ಹೋದೆ. ಕುರಿವಾಸನೆ ಹೋಗಲು ಮೂರು ಸಲ ಸೋಪು ಹಚ್ಚಬೇಕಾಯಿತು.

ಬಂದು ಸೌಟು ಎತ್ತಿದೆ. ಬೋಗುಣಿಯೂ ಎದ್ದಿತು.

ಸೌಟನ್ನು ಅಲ್ಲಾಡಿಸಿದೆ. ಬೋಗುಣಿ ಅಲ್ಲಾಡಿತು. ಒಳಗಿದ್ದದ್ದು ಅಲ್ಲಾಡಲಿಲ್ಲ. ನನ್ನ ರಸಾಯನ ತಳದಿಂದ ಬಾಯಿಯವರೆಗೆ ಒಂದೇ ಗಡ್ಡೆಯಾಗಿ, ಮೇಲೆ ಮಿರುಗುತ್ತ ಕೂತಿತ್ತು. ಬೋರಲು ಹಾಕಿದರೂ ಬೀಳಲಿಲ್ಲ. ಬಾಳೆಹಣ್ಣಿನ ಗುಣವೋ, ಬೆಲ್ಲದ ಗುಣವೋ, ನನ್ನ ಕೈಗುಣವೋ ತಿಳಿಯಲಿಲ್ಲ. ಇನ್ನೊಮ್ಮೆ ಮಾಡೋಣವೆಂದರೆ ಹಾಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು. ಹೇಗೋ ಸೌಟನ್ನು ಕಿತ್ತು, ಬೋಗುಣಿಯ ಬಾಯಿಗೆ ಬಟ್ಟೆ ಕಟ್ಟಿ, ಬಸ್ಸಿನ ಕುಲುಕಾಟಕ್ಕೆ ಕರಗಬಹುದೆಂಬ ಆಸೆಯಿಂದ ಹೊರಟೆ.

ಬಸ್ಸಿನಲ್ಲಿ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಳು, ಅವಳೂ ಹಿರಿಯೂರಿಗೇ ಹೋಗುವವಳು. ಎರಡು ಮೈಲಿ ಹೋಗುವಷ್ಟರಲ್ಲಿ ಮೂಗರಳಿಸಿ, "ಗಿಣ್ಣು ತಗಂಡು ಹೊಂಟೀಯೇನಪ್ಪ?" ಎಂದಳು.

"ಅಲ್ಲಜ್ಜಿ, ಇದು ರಸಾಯನ" ಎಂದೆ.

ಅವಳು ಬೋಗುಣಿಯ ಬಟ್ಟೆ ಬಿಚ್ಚಿ, ಬೆರಳಿನಿಂದ ಒತ್ತಿ ನೋಡಿದಳು. ಬೆರಳು ಒಳಗೆ ಹೋಗಲಿಲ್ಲ. "ಯಾವ ಊರಾಗಪ್ಪ ರಸಾಯನ ಹಿಂಗಿರೋದು? ಇದು ಈದ ಕುರಿ ಹಾಲು. ಕಾಯಿಸಿದ್ರೆ ಗಟ್ಟಿ ಆಗ್ತೈತೆ, ಸಣ್ಣ ಹುಡುಗ್ರಿಗೂ ಗೊತ್ತು. ನೀನೇನು ಕೆಲಸ ಮಾಡ್ತೀ?"

"ಮೇಷ್ಟ್ರು."

"ಹಂಗಾ" ಎಂದಳು. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ.

ಈರಣ್ಣ ಹೇಳಲು ಹೊರಟಿದ್ದು ಏನೆಂದು ನನಗೆ ಆಗ ಹೊಳೆಯಿತು. ತಲೆ ತಗ್ಗಿಸಿ ಬಟ್ಟೆ ಕಟ್ಟಲು ಹೋದರೆ ಅಜ್ಜಿ ನನ್ನ ಕೈ ಹಿಡಿದಳು. "ಮುಚ್ಚಬ್ಯಾಡ. ಗಿಣ್ಣು ಕಂಡೋರಿಗೆ ಕೊಡದೆ ಹೋಗಬಾರದು, ಕುರಿ ಕೆಚ್ಚಲು ಬತ್ತೋಗ್ತೈತೆ. ಯಾರದೋ ಕುರಿ ಪಾಪ ನಿನಗ್ಯಾಕೆ?" ಎಂದು ಎಲೆಯಡಿಕೆ ಚೀಲದಿಂದ ಸಣ್ಣ ಚಾಕು ತೆಗೆದಳು. ಹಣ್ಣಿಗೂ ತಾಗಿಸದ ಚಾಕು ಹೀಗೆ ನನ್ನ ರಸಾಯನಕ್ಕೇ ಬಿತ್ತು. ಮೊದಲ ತುಂಡು ಅವಳಿಗೆ. ಎರಡನೆಯದು ಹಿಂದಿನ ಸೀಟಿಗೆ. ಮೂರನೆಯದು ಕಂಡಕ್ಟರಿಗೆ, ಅವನು ತಿಂದು, "ಡ್ರೈವರಿಗೊಂದು ಕೊಡಿ ಸಾರ್, ಅವರೂ ಕಂಡ್ರಲ್ಲ" ಎಂದ. ಕನ್ನಡಿಯಲ್ಲಿ ಕಂಡಿದ್ದರು!

ಚಿತ್ರದುರ್ಗದಲ್ಲಿ ಇಳಿಯುವಾಗ ಅರ್ಧ ಬೋಗುಣಿ ಉಳಿದಿತ್ತು. ಹಿರಿಯೂರಿನ ಬಸ್ಸಿನಲ್ಲಿ ನಾನು ಅಜ್ಜಿಯಿಂದ ದೂರ ಕೂತೆ. ಅವಳು ನಾಲ್ಕು ಸೀಟಿನಾಚೆಯಿಂದಲೇ, "ಆ ಮೇಷ್ಟ್ರ ಹತ್ರ ಗಿಣ್ಣೈತೆ, ಕೇಳ್ರಿ, ಕೊಡ್ತಾರೆ" ಎಂದು ಸಾರಿದಳು. ಜನ ತಿಂದು, ಬಾಯಿ ಒರೆಸಿಕೊಂಡು, ಬಾಳೆಹಣ್ಣು ಹಾಕಿದ ಗಿಣ್ಣು ಮೊದಲ ಸಲ ತಿಂದದ್ದು ಎಂದು ಹೊಗಳಿದರು. ಹೆಂಡತಿಯನ್ನು ಕರೆತರಬೇಕಾಗಿದ್ದ ರಸಾಯನ ಊರವರ ಹೊಟ್ಟೆ ಸೇರುತ್ತಿತ್ತು. ಹಿರಿಯೂರಿನಲ್ಲಿ ಮತ್ತೆ ಬಸ್ಸು ಬದಲಿಸಿ ಹರಿಯಬ್ಬೆಯಲ್ಲಿ ಇಳಿದಾಗ ಬೋಗುಣಿಯ ತಳದಲ್ಲಿ ಅಂಗೈಯಗಲದ ಒಂದು ತುಂಡು ಉಳಿದಿತ್ತು.

ಮಾವನ ಮನೆಯ ಹೊಸ್ತಿಲು ದಾಟಿದೆ. ಮಾವನಿಗೆ ಏನು ಹೇಳುವುದು, ಜಯಮ್ಮನಿಗೆ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಒಳಗೆ ನೋಡಿದ ಕೂಡಲೇ ಮರೆತುಹೋಯಿತು. ನಡುಮನೆಯಲ್ಲಿ ಗೋಡೆಗೆ ಒರಗಿ, ಕಂಚಿನ ಗಂಗಾಳ ತೊಡೆಯ ಮೇಲಿಟ್ಟುಕೊಂಡು, ಹಾಲು ಹಾಕಿದ ರಸಾಯನವನ್ನು ಸೊರ ಸೊರ ಸುರಿಯುತ್ತ ಕೂತಿದ್ದವಳು ನನ್ನ ಅವ್ವ.

"ಬಂದೇನಪ್ಪ? ಕುಂತ್ಕ. ಜಯಮ್ಮ, ಇನ್ನೊಂದು ಸೌಟು ಹಾಕವ್ವ" ಎಂದಳು. ಆ ಸೌಟೂ ನನಗಲ್ಲ, ಅವಳಿಗೇ.

"ಅವ್ವ, ನೀನು ಇಲ್ಲಿ?"

"ನಿನ್ನೆ ಬಂದೆ. ನಿನ್ನ ಹೆಂಡ್ತಿ ಕಾಗದ ಬರ್ಸಿದ್ಲು. ನಿಮ್ಮ ಮಗ ಹೊಗಳೋ ರಸಾಯನ ಹೆಂಗೆ ಮಾಡೋದು ತಿಳಿಸ್ರಿ ಅಂತ. ಬರೆಯಾಕೆ ನನಗೆ ಬರಲ್ಲ, ಬಸ್ಸು ಹತ್ತಿ ಬಂದೆ. ನೀನು ಆಡಿದ ಮಾತೂ ಇಲ್ಲೇ ಕೇಳಿದೆ."

ನಾನು ಬೋಗುಣಿ ಕೆಳಗಿಟ್ಟೆ. ಮಾವ ಅದರೊಳಗೆ ಬಗ್ಗಿ ನೋಡಿ, ಒಂದು ಚೂರು ಮುರಿದು ಮೂಸಿದರು. "ಈದು ಒಂದು ದಿನ ಆಗೈತೆ, ಅಷ್ಟೇ" ಎಂದು, ನನ್ನ ಮುಖ ನೋಡಿ, "ಮರಿ ಕುಡೀತಾ ಮೇಷ್ಟ್ರೇ?" ಎಂದು ಕೇಳಿದರು.

"ಕುಡಿದು ಮಿಕ್ಕಿದ್ದೇ ಮಾವ."

"ಹಂಗಾದ್ರೆ ಸರಿ" ಎಂದು ಬಾಯಿಗೆ ಹಾಕಿಕೊಂಡರು.

ಜಯಮ್ಮ ಸೌಟು ಹಿಡಿದು ನಿಂತಿದ್ದಳು. "ರಸಾಯನ ತರ್ರಿ ಅಂದ್ರೆ ಗಿಣ್ಣು ತಂದೀರಲ್ರಿ" ಎಂದಳು. ಗಲ್ಲದ ಮೇಲೆ ನಗು ಬಂದು ಹೋಗುತ್ತಿತ್ತು, ತಡೆದುಕೊಂಡಿದ್ದಳು.

"ತುಂಬ ಇತ್ತು. ಬಸ್ಸಿನವರು ತಿಂದರು" ಎಂದೆ. ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. "ಅವತ್ತು ಆ ಮಾತು ಆಡಬಾರದಿತ್ತು ಜಯಮ್ಮ. ತಪ್ಪಾಯ್ತು. ನೀನಿಲ್ಲದ ಮನೇಲಿ ಇರೋಕಾಗಲ್ಲ" ಎಂದೆ, ಮಾವನ ಮುಂದೆಯೇ. ಮಾವ ಗೋಡೆ ಕಡೆ ತಿರುಗಿ ಇನ್ನೊಂದು ಚೂರು ಗಿಣ್ಣು ಮುರಿದುಕೊಂಡರು.

"ಚೀಲ ನಿನ್ನೇನೇ ಕಟ್ಟೈತೆ" ಎಂದಳು ಜಯಮ್ಮ. "ಅತ್ತೆ ಬಂದು ಕರೆದ ಮೇಲೆ ಬರಲ್ಲ ಅನ್ನಾಕಾಗ್ತೈತಾ?"

ಹಾಗಾದರೆ ನಾನು ಕುರಿಯ ಹಿಂದೆ ಮಂಡಿಯ ಮೇಲೆ ಹೋದದ್ದು, ಬಸ್ಸಿನಲ್ಲಿ ಮರ್ಯಾದೆ ಹಂಚಿದ್ದು ಎಲ್ಲ ದಂಡ! ನಿನ್ನೆಯೇ ಮುಗಿದ ಕೆಲಸಕ್ಕೆ ನಾನು ಇಂದು ಹೊರಟಿದ್ದೆ. ಸ್ವಲ್ಪ ಮಾನ ಉಳಿಸಿಕೊಳ್ಳಲೆಂದು ಅವ್ವನ ಕಡೆ ತಿರುಗಿದೆ. "ಅಲ್ಲವ್ವ, ನಮ್ಮ ಮನೇಲಿ ರಸಾಯನಕ್ಕೆ ಹಾಲು ಹಾಕಬಾರದು ಅಂತ ನೀನೇ ಹೇಳ್ತಿದ್ಯಲ್ಲ?"

ಅವ್ವ ಗಂಗಾಳ ಕೆಳಗಿಟ್ಟಳು. "ನೀನು ನಾಕು ವರ್ಷದೋನು. ಆ ವರ್ಷ ಮನೇಲಿದ್ದ ಹಸಾನ ಮಾರಿದ್ವಿ. ನೀನು ಹಬ್ಬದ ದಿನ, ಪಕ್ಕದ ಮನೆ ರಸಾಯನದಾಗೆ ಹಾಲೈತೆ, ನಮ್ದರಾಗೆ ಯಾಕಿಲ್ಲ ಅಂತ ಹಟ ಹಿಡಿದೆ. ಇಲ್ಲ ಅಂತ ಹೆಂಗೆ ಹೇಳ್ಲಿ? ನಮ್ಮ ದೇವರಿಗೆ ಹಾಲು ಹಾಕಿದ್ದು ಆಗಲ್ಲ ಕಣಪ್ಪ ಅಂದೆ. ಸುಮ್ಕಾದೆ. ಕಾಯಿ ಮನೇದೇ ಇತ್ತು, ತುರಿದು ತುರಿದು ಹಾಕಿದೆ."

"ಆಮೇಲಾದರೂ ಹೇಳಬಾರದಿತ್ತಾ?"

"ನೀನು ಅದನ್ನೇ ಎಲ್ಲರಿಗೂ ಅಷ್ಟು ಚೆಂದ ಹೇಳ್ತಿದ್ದೆ. ವಂಶ, ಸಂಪ್ರದಾಯ ಅಂತ. ಕೇಳಾಕೆ ಹಿತ ಅನ್ನಿಸ್ತಿತ್ತು. ಬಿಟ್ಬಿಟ್ಟೆ."

ಹಾಲಿಲ್ಲದ ಮನೆಯ ರಸಾಯನವನ್ನು ತಿಂದು, ಹಾಲಿರುವವರನ್ನು ಎಮ್ಮೆಗೆ ಹೋಲಿಸಿದ್ದೆ. ನನಗೆ ನಾಚಿಕೆಯಾಯಿತು, ಅವ್ವನ ಮೇಲೆ ಅಕ್ಕರೆಯೂ ಉಕ್ಕಿತು. ಎರಡನ್ನೂ ಹೇಗೆ ಹೇಳುವುದೆಂದು ತಿಳಿಯದೆ ಲೋಟ ಒಡ್ಡಿದೆ. ಜಯಮ್ಮ ತುಂಬ ಹುಯ್ದಳು. ಬೆಚ್ಚಗಿತ್ತು. ತಿಂದೆ. ಬಹಳ ಚೆನ್ನಾಗಿತ್ತು, ಇನ್ನೊಂದು ಊರಿಗೆ ನಡೆದು ಹೋಗಬಹುದೆನ್ನುವಷ್ಟು ಚೆನ್ನಾಗಿತ್ತು.

ಜಯಮ್ಮನ ಮನಸ್ಸು ಕರಗಿತ್ತು. "ಅತ್ತೆ, ಹೊಳಲ್ಕೆರೆಗೆ ಹೋದ ಮೇಲೆ ನಿಮ್ಮ ಥರದ್ದೇ ಮಾಡಾಣ. ಕಾಯಿ ಹಾಕಿ" ಎಂದಳು.

"ಬ್ಯಾಡ ಕಣವ್ವ, ಹಾಲೇ ಇರ್ಲಿ" ಎಂದಳು ಅವ್ವ, ಗಂಗಾಳವನ್ನು ಮತ್ತೆ ಎತ್ತಿಕೊಳ್ಳುತ್ತ. "ತುರಿದೂ ತುರಿದೂ ನನ್ನ ರಟ್ಟೆ ಬಿದ್ದೋಗೈತೆ."

ಹೀಗೆ ನಮ್ಮ ವಂಶದ ಘನ ಸಂಪ್ರದಾಯವನ್ನು ಉಳಿಸುವ ಭಾರ ಇಡೀ ಜಿಲ್ಲೆಯಲ್ಲಿ ನನ್ನೊಬ್ಬನ ಮೇಲೆ ಬಿತ್ತು. ನನಗೆ ಕಾಯಿ ತುರಿಯಲು ಬರುವುದಿಲ್ಲ.